ಪ್ರಭುತ್ವದ ದಂಡನೆ ಮತ್ತು ಕಾವ್ಯದ ನೆನಪು: ಕವಿ ಒಸಿಪ್ ಮಂಡೆಲ್‌ಸ್ಟಾಮ್

ಭಿನ್ನಮತವನ್ನು ಹತ್ತಿಕ್ಕುವ ಪ್ರಭುತ್ವಗಳು ಸಾಮಾನ್ಯವಾಗಿ ಅಚ್ಚಾದ ಬರಹವನ್ನು ದಂಡಿಸುತ್ತವೆ. ರಷ್ಯನ್ ಕವಿ ಒಸಿಪ್ ಮಂಡೆಲ್‌ಸ್ಟಾಮ್ (1891–1938) ಆಪ್ತರೆದುರು ಬಾಯಿಮಾತಿನಲ್ಲಿ ಹೇಳಿದ ಹದಿನಾರು ಸಾಲುಗಳಿಗಾಗಿ ಶಿಕ್ಷೆಗೊಳಗಾದವನು. ಎರಡು ಭಿನ್ನ ಪ್ರಭುತ್ವಗಳು ಒಂದೇ ಬದುಕನ್ನು ನಿಯಂತ್ರಿಸಿದ ಬಗೆಯನ್ನು ಅವನ ಜೀವನದಲ್ಲಿ ಕಾಣಬಹುದು.

ವಾರ್ಸಾದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದ ಮಂಡೆಲ್‌ಸ್ಟಾಮ್ ಬೆಳೆದದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಚರ್ಮದ ವ್ಯಾಪಾರಿ. ಝಾರ್ ಆಳ್ವಿಕೆಯಲ್ಲಿ ಯೆಹೂದಿಗಳು ರಾಜಧಾನಿಯಲ್ಲಿ ನೆಲೆಸಲು ವಿಶೇಷ ಅನುಮತಿ ಅಗತ್ಯವಾಗಿತ್ತು. 1887ರ ನಿಯಮದಂತೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಅವರ ಪ್ರವೇಶ ಶೇ. 3ಕ್ಕೆ ಸೀಮಿತವಾಗಿತ್ತು. 1911ರಲ್ಲಿ ಆತ ವೈಬೋರ್ಗ್‌ನ ಮೆಥಡಿಸ್ಟ್ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದು, ಅದೇ ವರ್ಷ ವಿಶ್ವವಿದ್ಯಾನಿಲಯವನ್ನು ಸೇರಿದನು. ಓದುವ ಹಕ್ಕಿಗೆ ಹುಟ್ಟಿನ ಗುರುತನ್ನೇ ಬೆಲೆಯಾಗಿ ತೆರಬೇಕಾದ ವ್ಯವಸ್ಥೆ ಅದಾಗಿತ್ತು. 1913ರಲ್ಲಿ 'ಕಲ್ಲು' ಎಂಬ ಅರ್ಥದ ಶೀರ್ಷಿಕೆಯುಳ್ಳ ಅವನ ಮೊದಲ ಸಂಕಲನ ಪ್ರಕಟವಾಯಿತು. ಅಖ್ಮತೋವಾ, ಗುಮಿಲ್ಯೋವ್ ಅವರೊಡನೆ ಅವನು ಅಕ್ಮೆಯಿಸ್ಟ್ ಪಂಥದ ಪ್ರಮುಖನೆನಿಸಿದನು.

1917ರ ಕ್ರಾಂತಿ ಝಾರ್ ಕಾಲದ ನಿರ್ಬಂಧಗಳನ್ನು ಕಿತ್ತೊಗೆಯಿತಾದರೂ ಹೊಸ ಪ್ರಭುತ್ವ ಕ್ರಮೇಣ ಭಿನ್ನಧ್ವನಿಗೆ ಅಸಹಿಷ್ಣುವಾಯಿತು. 1933ರ ನವೆಂಬರಿನಲ್ಲಿ ಮಂಡೆಲ್‌ಸ್ಟಾಮ್ ಸ್ಟಾಲಿನ್‌ನನ್ನು ಕುರಿತ ವಿಡಂಬನೆಯೊಂದನ್ನು ರಚಿಸಿ ಕೆಲವೇ ಮಂದಿಗೆ ಹೇಳಿದನು. ಕೇಳಿದವರ ವಲಯದಿಂದಲೇ ಸುದ್ದಿ ಪೊಲೀಸರನ್ನು ತಲುಪಿತು. 1934ರ ಮೇ ತಿಂಗಳಲ್ಲಿ ಬಂಧನವಾಯಿತು. ಗಡಿಪಾರಾಗಿ ಹೋದ ಚೆರ್ದಿನ್‌ನಲ್ಲಿ ಆತ ಆಸ್ಪತ್ರೆಯ ಕಿಟಕಿಯಿಂದ ಹೊರಕ್ಕೆ ಹಾರಿದನು. ಅನಂತರ ಶಿಕ್ಷೆ ಸಡಿಲಗೊಂಡು 1937ರವರೆಗೆ ವೊರೋನೆಷ್‌ನಲ್ಲಿ ಉಳಿಯಬೇಕಾಯಿತು. ಅವನ ಶ್ರೇಷ್ಠ ಕವಿತೆಗಳಲ್ಲಿ ಹಲವು ಇಲ್ಲಿಯೇ ರಚಿತವಾದವು. ಜೀವವುಳಿಸಿಕೊಳ್ಳುವ ಒತ್ತಡದಲ್ಲಿ ಸ್ಟಾಲಿನ್‌ನನ್ನು ಸ್ತುತಿಸುವ ಕವಿತೆಯನ್ನೂ ಆತ 1937ರ ಆರಂಭದಲ್ಲಿ ಬರೆದನು. ಇದನ್ನು ಕವಿಯ ದೌರ್ಬಲ್ಯವೆಂದಷ್ಟೇ ನೋಡುವುದು ಸರಿಯಾಗಲಾರದು. ಭಯವನ್ನು ಆಡಳಿತದ ಉಪಕರಣವಾಗಿಸಿಕೊಂಡ ಪ್ರಭುತ್ವ ಮೌನದಿಂದ ತೃಪ್ತವಾಗುವುದಿಲ್ಲ; ಅದು ಹೊಗಳಿಕೆಯನ್ನೂ ಬೇಡುತ್ತದೆ.

ಸ್ತುತಿ ಅವನನ್ನು ಕಾಪಾಡಲಿಲ್ಲ. 1938ರ ಮಾರ್ಚಿನಲ್ಲಿ ಲೇಖಕರ ಒಕ್ಕೂಟದ ಕಾರ್ಯದರ್ಶಿ ಸ್ತಾವ್‌ಸ್ಕಿಯೇ ಅವನ ವಿಷಯವನ್ನು ಬಗೆಹರಿಸುವಂತೆ ಪೊಲೀಸ್ ಮುಖ್ಯಸ್ಥ ಯೆಝೋವ್‌ಗೆ ಪತ್ರ ಬರೆದನು. ಮೇ 2ರಂದು ಮತ್ತೆ ಬಂಧನ, ಆಗಸ್ಟಿನಲ್ಲಿ ಐದು ವರ್ಷಗಳ ಶಿಕ್ಷೆ. ಡಿಸೆಂಬರ್ 27ರಂದು ವ್ಲಾದಿವೊಸ್ತೊಕ್ ಬಳಿಯ ಶಿಬಿರದಲ್ಲಿ ಆತ ತೀರಿಕೊಂಡನು. ಪತ್ನಿ ನದೆಝ್ದಾ ಕಳುಹಿಸಿದ್ದ ಹಣ ಹಿಂದಿರುಗಿದಾಗಲೇ ಆಕೆಗೆ ಸಾವಿನ ಸುದ್ದಿ ತಿಳಿದದ್ದು.

ಕಾಗದಗಳು ವಶವಾಗುವ ಭೀತಿಯಿಂದ ಆಕೆ ಅವನ ಕವಿತೆಗಳನ್ನು ಕಂಠಸ್ಥ ಮಾಡಿಕೊಂಡು, ಊರಿಂದೂರಿಗೆ ಅಲೆಯುತ್ತ ದಶಕಗಳ ಕಾಲ ಕಾಪಾಡಿದಳು. ಸ್ತುತಿಕವಿತೆಯನ್ನೂ ಆಕೆ ಮರೆಮಾಚಲಿಲ್ಲ. ಎರಡನೆಯ ಆರೋಪದಿಂದ 1956ರಲ್ಲಿ, ಮೊದಲನೆಯದರಿಂದ 1987ರಲ್ಲಿ ಸರ್ಕಾರ ಕವಿಯನ್ನು ದೋಷಮುಕ್ತಗೊಳಿಸಿತು. ಆಕೆ 1980ರಲ್ಲಿಯೇ ನಿಧನಳಾಗಿದ್ದಳು. ಪ್ರಭುತ್ವ ತನ್ನ ತಪ್ಪನ್ನು ಪೂರ್ಣವಾಗಿ ಒಪ್ಪಿಕೊಳ್ಳಲು ಅರ್ಧ ಶತಮಾನ ತೆಗೆದುಕೊಂಡಿತು. ಅಷ್ಟೂ ಕಾಲ ಆ ಕಾವ್ಯಕ್ಕೆ ಆಶ್ರಯವಾದದ್ದು ಆಕೆಯ ಹಾಗೂ ಕೆಲವೇ ಗೆಳೆಯರ ನಿಷ್ಠೆ.