ತೆರೆಯ ಮೇಲೆ ಧರ್ಮಗುರು, ಮನೆಯಲ್ಲಿ ನೊಂದ ತಂದೆ: ನಟ ಸ್ಪೆನ್ಸರ್ ಟ್ರೇಸಿ

ಹಾಲಿವುಡ್‌ನ ಹಳೆಯ ಚಿತ್ರಗಳಲ್ಲಿ ಕಥೋಲಿಕ ಧರ್ಮಗುರುವಿನ ಪಾತ್ರ ಅನೇಕ ಬಾರಿ ಬಂದಿದೆ. ಆ ಪಾತ್ರಕ್ಕೆ ಜೀವ ತುಂಬಿದ ನಟರಲ್ಲಿ ಪ್ರಮುಖರು ಸ್ಪೆನ್ಸರ್ ಟ್ರೇಸಿ. 1938ರ 'ಬಾಯ್ಸ್ ಟೌನ್' ಚಿತ್ರದಲ್ಲಿ ಅನಾಥ ಬಾಲಕರ ತಂದೆಯಾಗಿ ಅವರು ಲಕ್ಷಾಂತರ ಜನರ ಮನ ಗೆದ್ದರು. ಆದರೆ ಸ್ವಂತ ಮಗನ ವಿಷಯದಲ್ಲಿ ಅವರು ಜೀವನವಿಡೀ ನೋವು ಅನುಭವಿಸಿದರು.

ಟ್ರೇಸಿ ಜನಿಸಿದ್ದು 1900ರ ಏಪ್ರಿಲ್ 5ರಂದು, ಅಮೆರಿಕದ ಮಿಲ್ವಾಕಿ ನಗರದಲ್ಲಿ. ತಂದೆ ಐರಿಷ್ ಮೂಲದ ಕಥೋಲಿಕರು, ಲಾರಿಗಳ ಮಾರಾಟದ ಕೆಲಸದಲ್ಲಿದ್ದವರು. ತಾಯಿ ಪ್ರೊಟೆಸ್ಟಂಟ್ ಕುಟುಂಬದವರು. ಬಾಲಕ ಸ್ಪೆನ್ಸರ್‌ಗೆ ಶಾಲೆಯೆಂದರೆ ಆಗದು, ಜಗಳವೆಂದರೆ ಮುಂದೆ. ಮುಂದೆ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಮಾರ್ಕೆಟ್ ಅಕಾಡೆಮಿಗೆ ಸೇರಿದ ಮೇಲೆ ಅವರಲ್ಲಿ ಬದಲಾವಣೆ ಕಂಡಿತು. ತಾವೂ ಧರ್ಮಗುರುವಾಗಬೇಕೆಂಬ ಯೋಚನೆ ಅವರಿಗೆ ಬಂದದ್ದು ಆ ದಿನಗಳಲ್ಲೇ. ಆದರೆ 1918ರಲ್ಲಿ ಅವರು ನೌಕಾಪಡೆಗೆ ಸೇರಿದರು. ಅಲ್ಲಿಂದ ಬಂದ ಮೇಲೆ ರಿಪನ್ ಕಾಲೇಜಿನಲ್ಲಿ ನಾಟಕದ ರುಚಿ ಹತ್ತಿತು. ಬಳಿಕ ನ್ಯೂಯಾರ್ಕ್‌ಗೆ ಹೋಗಿ ಅಭಿನಯ ಕಲಿತರು.

1923ರಲ್ಲಿ ಅವರು ನಾಟಕ ಕಂಪೆನಿಯ ನಟಿ ಲೂಯಿಸ್ ಟ್ರೆಡ್‌ವೆಲ್ ಅವರನ್ನು ವಿವಾಹವಾದರು. ಮರುವರ್ಷ ಮಗ ಜಾನ್ ಹುಟ್ಟಿದ. ಮಗುವಿಗೆ ಹತ್ತು ತಿಂಗಳಾದಾಗ ಒಂದು ದಿನ ಬಾಗಿಲು ಜೋರಾಗಿ ಬಡಿದುಕೊಂಡಿತು. ಮಲಗಿದ್ದ ಮಗು ಎಚ್ಚರಗೊಳ್ಳಲಿಲ್ಲ. ತಾಯಿ ಹತ್ತಿರ ಹೋಗಿ ಹೆಸರು ಹಿಡಿದು ಕರೆದರು. ಆಗಲೂ ಮಗು ಅಲುಗಾಡಲಿಲ್ಲ. ಜಾನ್‌ಗೆ ಕಿವಿ ಕೇಳಿಸುತ್ತಿರಲಿಲ್ಲ. ಈ ಸಂಗತಿಯನ್ನು ಗಂಡನಿಗೆ ಕೂಡಲೇ ತಿಳಿಸಲು ಲೂಯಿಸ್ ಅವರಿಗೆ ಧೈರ್ಯವಾಗಲಿಲ್ಲ. ತಿಳಿದಾಗ ಟ್ರೇಸಿ ಕುಸಿದುಹೋದರು. ತಮ್ಮ ಪಾಪಗಳ ಶಿಕ್ಷೆ ಮಗನ ಮೇಲೆ ಬಿದ್ದಿದೆ ಎಂಬ ಭಾವನೆ ಅವರನ್ನು ಬಹುಕಾಲ ಕಾಡಿತು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ.

ಇಬ್ಬರೂ ಈ ನೋವನ್ನು ಎದುರಿಸಿದ ರೀತಿ ಬೇರೆ ಬೇರೆ. ಲೂಯಿಸ್ ರಂಗಭೂಮಿಯನ್ನು ಬಿಟ್ಟು ಮಗನ ಪಕ್ಕದಲ್ಲಿ ಕುಳಿತರು. ತುಟಿಯ ಚಲನೆ ನೋಡಿ ಮಾತು ಗ್ರಹಿಸುವುದನ್ನೂ, ಒಂದೊಂದೇ ಶಬ್ದವನ್ನು ಉಚ್ಚರಿಸುವುದನ್ನೂ ವರ್ಷಗಟ್ಟಲೆ ತಾಳ್ಮೆಯಿಂದ ಕಲಿಸಿದರು. ಟ್ರೇಸಿ ದುಡಿಮೆಯಲ್ಲಿ ಮುಳುಗಿದರು. ಜತೆಗೆ ಕುಡಿತದ ಚಟವೂ ಬಲವಾಯಿತು. ಕೆಲವೊಮ್ಮೆ ದಿನಗಟ್ಟಲೆ ಕಾಣೆಯಾಗುತ್ತಿದ್ದರು. ಸ್ಟುಡಿಯೋದವರು ಅದನ್ನು ಪತ್ರಿಕೆಗಳಿಂದ ಮುಚ್ಚಿಡುತ್ತಿದ್ದರು.

1930ರಲ್ಲಿ 'ದಿ ಲಾಸ್ಟ್ ಮೈಲ್' ನಾಟಕದಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯ ಪಾತ್ರ ಮಾಡುತ್ತಿದ್ದ ಟ್ರೇಸಿಯವರನ್ನು ನಿರ್ದೇಶಕ ಜಾನ್ ಫೋರ್ಡ್ ನೋಡಿದರು. ಅದೇ ವರ್ಷ ಅವರು ಚಿತ್ರರಂಗಕ್ಕೆ ಬಂದರು. 1935ರಲ್ಲಿ ಎಂಜಿಎಂ ಸ್ಟುಡಿಯೋ ಸೇರಿದರು. 1936ರ 'ಸ್ಯಾನ್ ಫ್ರಾನ್ಸಿಸ್ಕೊ' ಚಿತ್ರದಲ್ಲಿ ಮೊದಲ ಬಾರಿಗೆ ಧರ್ಮಗುರುವಿನ ಪಾತ್ರ ವಹಿಸಿದರು. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ದೊರೆಯಿತು. 1937ರ 'ಕ್ಯಾಪ್ಟನ್ಸ್ ಕರೇಜಿಯಸ್' ಚಿತ್ರದಲ್ಲಿ ಪೋರ್ಚುಗೀಸ್ ಮೀನುಗಾರ ಮ್ಯಾನುವೆಲ್ ಪಾತ್ರಕ್ಕೆ ಆಸ್ಕರ್ ಪ್ರಶಸ್ತಿಯೇ ಬಂತು. ಕೊಬ್ಬಿದ ಶ್ರೀಮಂತ ಹುಡುಗನೊಬ್ಬನನ್ನು ಕಡಲಿನಿಂದ ಮೇಲೆತ್ತಿ, ಅವನಿಗೆ ದುಡಿಮೆಯ ಬೆಲೆ ಕಲಿಸುವ ಬಡ ಬೆಸ್ತನ ಕಥೆ ಅದು. ಪ್ರಶಸ್ತಿ ಪ್ರದಾನದ ದಿನ ಟ್ರೇಸಿ ಆಸ್ಪತ್ರೆಯಲ್ಲಿದ್ದರು. ಅವರ ಪರವಾಗಿ ಲೂಯಿಸ್ ಪ್ರಶಸ್ತಿ ಸ್ವೀಕರಿಸಿದರು.

ಮರುವರ್ಷ ಬಂದದ್ದು 'ಬಾಯ್ಸ್ ಟೌನ್'. ಐರ್ಲೆಂಡ್‌ನಲ್ಲಿ ಜನಿಸಿದ ಫಾದರ್ ಎಡ್ವರ್ಡ್ ಫ್ಲಾನಗನ್ 1917ರಲ್ಲಿ ಅಮೆರಿಕದ ಒಮಾಹ ನಗರದಲ್ಲಿ ಬಾಡಿಗೆ ಮನೆಯೊಂದರಲ್ಲಿ ನಿರ್ಗತಿಕ ಬಾಲಕರಿಗಾಗಿ ಆಶ್ರಯಧಾಮ ತೆರೆದಿದ್ದರು. ಜಾತಿ, ಬಣ್ಣ, ಧರ್ಮ ಎಂಬ ಭೇದ ಅಲ್ಲಿರಲಿಲ್ಲ. ಚಿತ್ರದ ಒಂದು ಭಾಗವನ್ನು ಆ ಬಾಲಕರ ಊರಲ್ಲೇ ಚಿತ್ರೀಕರಿಸಲಾಯಿತು. ಟ್ರೇಸಿಗೆ ಸತತ ಎರಡನೇ ಬಾರಿ ಆಸ್ಕರ್ ಬಂತು. ಅತ್ಯುತ್ತಮ ನಟ ಪ್ರಶಸ್ತಿಯನ್ನು ಹೀಗೆ ಸತತವಾಗಿ ಎರಡು ಸಲ ಪಡೆದವರಲ್ಲಿ ಅವರೇ ಮೊದಲಿಗರು. ವೇದಿಕೆಯಲ್ಲಿ ಅವರು ತಮ್ಮ ಬಗ್ಗೆ ಮಾತನಾಡದೆ ಫಾದರ್ ಫ್ಲಾನಗನ್ ಅವರನ್ನು ಸ್ಮರಿಸಿದರು. ಟ್ರೇಸಿಯವರ ಹೆಸರಿನಲ್ಲಿ ಫಾದರ್ ಅವರಿಗೆ ಅರ್ಪಿಸಲಾದ ಆಸ್ಕರ್ ಪ್ರತಿಮೆ ಬಾಯ್ಸ್ ಟೌನ್‌ಗೆ ಹೋಯಿತು. ವಿಚಿತ್ರವೆಂದರೆ, ಚಿತ್ರ ನೋಡಿದ ಅನೇಕರು ಆ ಸಂಸ್ಥೆಗೆ ಇನ್ನು ಹಣದ ಕೊರತೆ ಇಲ್ಲ ಎಂದು ಭಾವಿಸಿದರು. ದೇಣಿಗೆ ಕಡಿಮೆಯಾಯಿತು. ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಫಾದರ್ ಅವರಿಗೆ ಅನುಭವಕ್ಕೆ ಬಂತು. 1948ರಲ್ಲಿ ಅವರು ಬರ್ಲಿನ್‌ನಲ್ಲಿ ನಿಧನರಾದರು. ಅವರನ್ನು ಸಂತ ಪದವಿಗೇರಿಸುವ ಪ್ರಕ್ರಿಯೆ 2012ರಲ್ಲಿ ಆರಂಭವಾಯಿತು.

ಇತ್ತ ಲೂಯಿಸ್ ಅವರ ಮನೆಯ ಪಾಠಶಾಲೆ ಬೆಳೆಯುತ್ತಿತ್ತು. ಕಿವಿ ಕೇಳಿಸದ ಮಕ್ಕಳ ತಾಯಂದಿರು ಅವರ ಸಲಹೆ ಕೇಳಿ ಬರತೊಡಗಿದರು. 1942ರಲ್ಲಿ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆವರಣದ ಚಿಕ್ಕದೊಂದು ಮನೆಯಲ್ಲಿ ಮಗನ ಹೆಸರಿನಲ್ಲೇ ಜಾನ್ ಟ್ರೇಸಿ ಕ್ಲಿನಿಕ್ ಆರಂಭವಾಯಿತು. ಆರಂಭದ ವರ್ಷಗಳ ಖರ್ಚಿನ ದೊಡ್ಡ ಪಾಲನ್ನು ಟ್ರೇಸಿ ತಮ್ಮ ಸಂಪಾದನೆಯಿಂದ ಕೊಟ್ಟರು. ವಾಲ್ಟ್ ಡಿಸ್ನಿ ಅದರ ಆಡಳಿತ ಮಂಡಳಿಯಲ್ಲಿದ್ದರು. ತಂದೆತಾಯಿಗಳಿಂದ ಶುಲ್ಕ ತೆಗೆದುಕೊಳ್ಳುತ್ತಿರಲಿಲ್ಲ. ದೂರದವರಿಗೆ ಅಂಚೆಯ ಮೂಲಕ ಪಾಠ ಕಳುಹಿಸುವ ವ್ಯವಸ್ಥೆಯಾಯಿತು. ಈ ಪಾಠಗಳು ಮುಂದೆ ಹಲವು ಭಾಷೆಗಳಲ್ಲಿ, ಹಲವು ದೇಶಗಳ ಮನೆಗಳಿಗೆ ತಲಪಿದವು. ಇದರ ಗೌರವವೆಲ್ಲ ಪತ್ನಿಗೇ ಸಲ್ಲಬೇಕು ಎಂಬುದು ಟ್ರೇಸಿಯವರ ನಿಲುವಾಗಿತ್ತು. ಮಗ ಜಾನ್ ಮಾತು ಕಲಿತು, ಮುಂದೆ ಡಿಸ್ನಿ ಸ್ಟುಡಿಯೋದಲ್ಲಿ ಚಿತ್ರಕಾರರಾದರು.

ಆದರೆ ದಂಪತಿ ಒಂದೇ ಸೂರಿನಡಿ ಬಾಳಲಿಲ್ಲ. 1942ರ 'ವುಮನ್ ಆಫ್ ದ ಇಯರ್' ಚಿತ್ರದಿಂದ ಆರಂಭಿಸಿ ಒಂಬತ್ತು ಚಿತ್ರಗಳಲ್ಲಿ ತಮ್ಮೊಂದಿಗೆ ನಟಿಸಿದ ಕ್ಯಾಥರೀನ್ ಹೆಪ್‌ಬರ್ನ್ ಅವರೊಂದಿಗೆ ಟ್ರೇಸಿ ಕೊನೆಯವರೆಗೂ ಆತ್ಮೀಯ ಸಂಬಂಧ ಹೊಂದಿದ್ದರು. ಲೂಯಿಸ್ ಅವರಿಗೆ ವಿಚ್ಛೇದನವನ್ನೂ ಕೊಡಲಿಲ್ಲ. ಈ ದ್ವಂದ್ವದಿಂದ ಮೂವರಿಗೂ ನೋವಾಯಿತು. ಇದನ್ನು ಮರೆಮಾಚಿ ಅವರ ಕಥೆ ಹೇಳುವುದು ಸರಿಯಲ್ಲ.

ಟ್ರೇಸಿಯವರ ಕೊನೆಯ ಚಿತ್ರ 'ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್'. ಮಗಳು ಕಪ್ಪು ವರ್ಣದ ವೈದ್ಯನನ್ನು ಮದುವೆಯಾಗಲು ಹೊರಟಾಗ ತಂದೆಯ ಮನಸ್ಸಿನಲ್ಲಾಗುವ ಹೋರಾಟವೇ ಅದರ ಕಥೆ. ಟ್ರೇಸಿಯವರ ಆರೋಗ್ಯ ಎಷ್ಟು ಕೆಟ್ಟಿತ್ತೆಂದರೆ ವಿಮಾ ಕಂಪೆನಿಗಳು ಮುಂದೆ ಬರಲಿಲ್ಲ. ಹೆಪ್‌ಬರ್ನ್ ಮತ್ತು ನಿರ್ದೇಶಕ ಸ್ಟ್ಯಾನ್ಲಿ ಕ್ರೇಮರ್ ತಮ್ಮ ಸಂಭಾವನೆಯನ್ನೇ ಒತ್ತೆಯಿಟ್ಟರು. ಚಿತ್ರೀಕರಣ ಮುಗಿದ ಕೆಲವೇ ದಿನಗಳಲ್ಲಿ, 1967ರ ಜೂನ್ 10ರಂದು, ಟ್ರೇಸಿ ಹೃದಯಾಘಾತದಿಂದ ತೀರಿಕೊಂಡರು. ಹಾಲಿವುಡ್‌ನ ಇಮ್ಯಾಕ್ಯುಲೇಟ್ ಹಾರ್ಟ್ ಆಫ್ ಮೇರಿ ಚರ್ಚ್‌ನಲ್ಲಿ ಅಂತಿಮ ಬಲಿಪೂಜೆ ನಡೆಯಿತು. ಲೂಯಿಸ್ ಮತ್ತು ಮಕ್ಕಳ ಮನಸ್ಸಿಗೆ ನೋವಾಗಬಾರದೆಂದು ಹೆಪ್‌ಬರ್ನ್ ಅದಕ್ಕೆ ಹೋಗಲಿಲ್ಲ.

ಒಂಬತ್ತು ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಈ ನಟ ಸಂತರಲ್ಲ, ತಾವು ಸಂತರೆಂದು ಅವರು ಭಾವಿಸಲೂ ಇಲ್ಲ. ಮಗನಿಗೆ ಕೇಳಿಸದಿರುವುದು ಶಿಕ್ಷೆ ಎಂದು ತಂದೆ ಕೊರಗಿದರು. ತಾಯಿ ಅದನ್ನೇ ಕೆಲಸವೆಂದು ಕೈಗೆತ್ತಿಕೊಂಡರು. ಅಂಗವೈಕಲ್ಯವಿರುವ ಮಗುವನ್ನು ಕಂಡು ಇದು ಯಾರ ಪಾಪದ ಫಲವೋ ಎಂದು ಪಿಸುಗುಟ್ಟುವ ಅಭ್ಯಾಸ ಇನ್ನೂ ಹೋಗಿಲ್ಲ. ಅಂಥ ಮನೆಗೆ ನಾವು ಭೇಟಿ ಕೊಡುವಾಗ ಲೂಯಿಸ್ ಟ್ರೇಸಿ ಮಾಡಿದ ಕೆಲಸ ನೆನಪಿಗೆ ಬಂದರೆ ಒಳ್ಳೆಯದು.