ಬೆರಳಿಗೆ ಅಕ್ಷರವನ್ನು ಕೊಟ್ಟ ಲೂಯಿ ಬ್ರೈಲನು

ಕುರುಡರನ್ನು ಕಂಡಾಗ ನಾವು ಕನಿಕರಪಟ್ಟು ಕಾಸು ಕೊಡುತ್ತೇವೆ. ಅವರಲ್ಲಿರುವ ಸಾಮರ್ಥ್ಯವನ್ನು ವಿಚಾರಿಸುವವರು ನಮ್ಮಲ್ಲಿ ವಿರಳ. ಇಂಥ ನಮಗೆ ಲೂಯಿ ಬ್ರೈಲನ ಚರಿತ್ರೆಯು ಬುದ್ಧಿ ಕಲಿಸತಕ್ಕದ್ದಾಗಿದೆ.

ಈತನು 1809ನೇ ಇಸವಿ ಜನವರಿ 4ನೇ ತಾರೀಖಿನಲ್ಲಿ ಫ್ರಾನ್ಸ್ ದೇಶದ ಕುಪ್ವ್ರೆ ಎಂಬ ಗ್ರಾಮದಲ್ಲಿ ಹುಟ್ಟಿದನು. ತಂದೆಯು ಕುದುರೆಯ ಜೀನು ಮಾಡುವವನು. ಮೂರು ವರುಷದ ಲೂಯಿಯು ತಂದೆಯ ಆಯುಧಗಳೊಡನೆ ಆಡುತ್ತಿರಲು, ಮೊನೆಯಾದದ್ದೊಂದು ಕಣ್ಣಿಗೆ ನಾಟಿತು. ನಂಜು ಮತ್ತೊಂದು ಕಣ್ಣಿಗೂ ಹಬ್ಬಿ, ಐದನೆಯ ವರುಷಕ್ಕೆ ದೃಷ್ಟಿಯು ಪೂರ್ಣವಾಗಿ ಹೋಯಿತು. ಆದಾಗ್ಯೂ ತಂದೆತಾಯಿಗಳು ಅವನನ್ನು ಮೂಲೆಯಲ್ಲಿ ಕೂರಿಸದೆ ಊರ ಶಾಲೆಗೆ ಕಳುಹಿಸಿದರು.

1819ರಲ್ಲಿ ಅವನು ಪ್ಯಾರಿಸ್ ಪಟ್ಟಣದ ಅಂಧ ಬಾಲಕರ ಶಾಲೆಯನ್ನು ಸೇರಿದನು. ಅಲ್ಲಿಯ ಪುಸ್ತಕಗಳಲ್ಲಿ ಕಣ್ಣುಳ್ಳವರ ಅಕ್ಷರಗಳನ್ನೇ ಉಬ್ಬಾಗಿ ಒತ್ತಿದ್ದರು. ಅವುಗಳನ್ನು ತಡವಿ ಓದುವುದು ಬಹು ಪ್ರಯಾಸ. ಬಾರ್ಬಿಯೇ ಎಂಬವನು 12 ಚುಕ್ಕೆಗಳ ಲಿಪಿಯೊಂದನ್ನು ತಂದನು; ಅದರ ಒಂದೊಂದು ಗುರುತೂ ಬೆರಳ ತುದಿಗೆ ಮೀರಿದ್ದಾಗಿತ್ತು. ಲೂಯಿಯು ಅದನ್ನು 6 ಚುಕ್ಕೆಗಳಿಗೆ ಇಳಿಸಿ, ಹದಿನೈದನೆಯ ವಯಸ್ಸಿನಲ್ಲಿಯೇ ಹೊಸ ಲಿಪಿಯನ್ನು ಕಲ್ಪಿಸಿ, 1829ರಲ್ಲಿ ಪ್ರಕಟಿಸಿದನು. ಇದರಿಂದ ಕುರುಡರು ಓದುವುದಲ್ಲದೆ ತಾವೇ ಬರೆಯುವುದಕ್ಕೂ ಶಕ್ತರಾದರು.

ಆದರೆ ತಮ್ಮ ಅಕ್ಷರವನ್ನೇ ಕುರುಡರೂ ಓದಬೇಕೆಂಬುದು ಕಣ್ಣುಳ್ಳವರ ಹಟ. 1840ರ ಸುಮಾರಿಗೆ ಆ ಶಾಲೆಯಲ್ಲಿಯೇ ಹೊಸ ಲಿಪಿಯು ನಿಷೇಧಿಸಲ್ಪಟ್ಟಿತು. ವಿದ್ಯಾರ್ಥಿಗಳು ಗುಟ್ಟಾಗಿ ಬರೆಯುತ್ತಲೇ ಇದ್ದರು. ಅಲ್ಲಿ ಉಪಾಧ್ಯಾಯನಾಗಿದ್ದ ಬ್ರೈಲನು 1852ರ ಜನವರಿ 6ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. 1854ರಲ್ಲಿ ಆ ಲಿಪಿಯು ಅಂಗೀಕೃತವಾಯಿತು. ಈಗ ನಮ್ಮ ಕನ್ನಡವನ್ನೂ ಅದೇ ಚುಕ್ಕೆಗಳಲ್ಲಿ ಓದುತ್ತಾರೆ.

ಪ್ರಿಯ ವಾಚಕರೇ, ನಮ್ಮ ಊರಿನಲ್ಲಿ ಕಣ್ಣು ಕಾಣದ ಮಗುವಿದ್ದರೆ ಅದರ ಕೈಗೆ ಕಾಸನ್ನಲ್ಲ, ಪುಸ್ತಕವನ್ನು ಕೊಡೋಣ.