ಲಿಂಗೈಕ್ಯ ಶ್ರೀ ಎಸ್. ನಿಜಲಿಂಗಪ್ಪನವರು

ಶ್ರೀ ಸಿದ್ದವನಹಳ್ಳಿ ನಿಜಲಿಂಗಪ್ಪನವರು 1902ನೆಯ ಇಸವಿ ಡಿಸೆಂಬರ್ 10ರಂದು ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಪುಣೆಯಲ್ಲಿ ನ್ಯಾಯಶಾಸ್ತ್ರ ವ್ಯಾಸಂಗವನ್ನು ಪೂರೈಸಿ ಚಿತ್ರದುರ್ಗದಲ್ಲಿ ವಕೀಲಿವೃತ್ತಿಯನ್ನು ಕೈಕೊಂಡರು. ನ್ಯಾಯಸ್ಥಾನದಲ್ಲಿ ಅನ್ಯರ ಪರವಾಗಿ ವಾದಿಸುತ್ತಿದ್ದ ಇವರೇ, 1939ರ ತುರುವನೂರಿನ ಸತ್ಯಾಗ್ರಹದ ನಿಮಿತ್ತವಾಗಿ ಸೆರೆವಾಸವನ್ನು ಅನುಭವಿಸಿದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಚುನಾಯಿತರಾಗಿ, 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದರು.

ಇಂತಹ ನಾಯಕರನ್ನು 1962ರ ಚುನಾವಣೆಯಲ್ಲಿ ತಮ್ಮ ಜಿಲ್ಲೆಯದೇ ಆದ ಹೊಸದುರ್ಗದ ಮತದಾರರು ಪರಾಭವಗೊಳಿಸಿ, ಶ್ರೀ ಜಿ. ಟಿ. ರಂಗಪ್ಪನವರನ್ನು ಆರಿಸಿದರು. ರಾಜ್ಯದಲ್ಲಿ ಬಹುಮತವು ಇವರ ಪಕ್ಷಕ್ಕೇ ಲಭಿಸಿದ್ದರೂ, ಮುಖ್ಯಮಂತ್ರಿಪದವು ಶ್ರೀ ಎಸ್. ಆರ್. ಕಂಠಿಯವರಿಗೆ ಸಂದಿತು. ತರುವಾಯ ಬಾಗಲಕೋಟೆಯಿಂದ ಇವರು ಅವಿರೋಧವಾಗಿ ಆಯ್ಕೆಯಾಗಲು, ಕಂಠಿಯವರು ಪದವಿಯನ್ನು ಬಿಟ್ಟುಕೊಟ್ಟರು. ಅದೇ ವರ್ಷ ಜೂನ್ 21ರಂದು ಇವರು ಪುನಃ ಅಧಿಕಾರವನ್ನು ಸ್ವೀಕರಿಸಿ 1968ರವರೆಗೆ ರಾಜ್ಯವನ್ನು ನಡೆಸಿದರು.

ತಮ್ಮನ್ನು ಸೋಲಿಸಿದ ಸೀಮೆಯನ್ನು ಇವರು ತೊರೆಯಲಿಲ್ಲ. ಚಿತ್ರದುರ್ಗದಲ್ಲಿಯೇ ಬಾಳಿ, 2000ನೆಯ ಇಸವಿ ಆಗಸ್ಟ್ 8ರಂದು ಅಲ್ಲಿಯೇ ಲಿಂಗೈಕ್ಯರಾದರು. ಸಮೀಪದ ಸೀಬಾರದಲ್ಲಿ ಇವರ ಸ್ಮಾರಕವಿರುವುದು. ಪ್ರಜಾರಾಜ್ಯದಲ್ಲಿ ಅಂತಿಮ ನ್ಯಾಯಾಧಿಪತಿಯು ಮತದಾರನು. ಆತನ ತೀರ್ಪಿಗೆ ಗೆದ್ದಾಗ ತಲೆಬಾಗುವುದು ಸುಲಭ, ಸೋತಾಗ ತಲೆಬಾಗುವುದೇ ಧರ್ಮವು.